ಡ್ರಕರ್‌ನ ತೋಳು

ಊಟದ ಹೊತ್ತಿಗಿಂತ ಮುಂಚೆಯೇ ನನ್ನ ಮೂಗು ಎರಡು ಸಲ ಒಡೆದಿತ್ತು. ಎರಡು ಸಲವೂ ಸುಳ್ಳು ರಕ್ತ. ಮೆಕ್ಕೆಜೋಳದ ಪಾಕಕ್ಕೆ ಕೆಂಪು ಬಣ್ಣ ಕಲಸಿ ಮಾಡುತ್ತಾರೆ, ಬಾಯಿಗೆ ಬಂದರೆ ಸಿಹಿ. ನೊಣಗಳು ನನ್ನ ಮುಖ ಬಿಟ್ಟು ಏಳುತ್ತಿರಲಿಲ್ಲ.

ಲಾಸ್ ಏಂಜಲೀಸ್ ನದಿಯ ಪಕ್ಕದ ಹಳೆಯ ಗೋದಾಮು ಅದು. ಹೊರಗೆ ಆಗಸ್ಟ್ ಬಿಸಿಲು, ಒಳಗೆ ರಾತ್ರಿ. ಕಿಟಕಿಗಳಿಗೆಲ್ಲ ದಪ್ಪ ಕಪ್ಪು ಬಟ್ಟೆ ಬಡಿದು, ಯಂತ್ರದಿಂದ ಹೊಗೆ ಬಿಟ್ಟು, ಪಟ್ಟಿ ಪರದೆಯ ಹಿಂದೆ ಒಂದೇ ಒಂದು ದೀಪ ನಿಲ್ಲಿಸಿದ್ದರು. ಪತ್ತೇದಾರಿ ಸಿನಿಮಾ ಅಂದರೆ ಎಲ್ಲ ನಿರ್ದೇಶಕರಿಗೂ ಬೇಕಾಗುವುದು ಇದೇ: ಗೋಡೆ ಮೇಲೆ ಪಟ್ಟಿ ನೆರಳು, ಟೋಪಿ, ಉದ್ದ ಕೋಟು, ಒದ್ದೆ ರಸ್ತೆ. ಈ ಊರಲ್ಲಿ ಮಳೆ ಬೀಳುವುದೇ ಅಪರೂಪ, ಆದ್ದರಿಂದ ಟ್ಯಾಂಕರ್ ತರಿಸಿ ರಸ್ತೆ ತೋಯಿಸುತ್ತಾರೆ. ಬಡವರ ಬೀದಿಗಳಿಗೆ ನೀರು ಬೀಳುವುದು ಅಲ್ಲಿ ಯಾರಾದರೂ ಹೆಣವಾಗುವ ದೃಶ್ಯ ಇದ್ದಾಗ ಮಾತ್ರ.

ನನ್ನ ಹೆಸರು ಎಲಿಸೆಯೊ ಬರ್ರಾಗಾನ್. ಸೆಟ್ಟಿನಲ್ಲಿ ಎಲ್ಲರಿಗೂ ಚೆಯೊ. ಕೆಲಸ ಡ್ಯೂಪ್. ಬೇರೆ ನಟರು ತಿನ್ನಬೇಕಾದ ಏಟು ನಾನು ತಿನ್ನುತ್ತೇನೆ. ಆ ಚಿತ್ರದಲ್ಲಿ ಪತ್ತೇದಾರನ ಪಾತ್ರ ದೊಡ್ಡ ನಟ ಕರ್ಟ್ ಹೆಂಡ್ರಿಯದು. ಅವನು ಶಂಕಿತನೊಬ್ಬನನ್ನು ಠಾಣೆಯ ಕೋಣೆಯಲ್ಲಿ ಕುರ್ಚಿಗೆ ಕೂರಿಸಿ ಬಾಯಿ ಬಿಡುವವರೆಗೂ ಬಡಿಯುತ್ತಾನೆ. ಆ ಬಡಿತ ತಿನ್ನುವ ಮೈ ನನ್ನದು.

ಹೇಗೆ ಬಡಿಯಬೇಕೆಂದು ಹೇಳಿಕೊಡಲು ಒಬ್ಬ ಸಲಹೆಗಾರನನ್ನು ಇಟ್ಟುಕೊಂಡಿದ್ದರು. ಲೈಲ್ ಡ್ರಕರ್, ಅಲ್ಮೆಂಡ್ರಾ ಎಂಬ ಊರಿನ ನಿವೃತ್ತ ಪೊಲೀಸ್. ಬಿಳಿ ಕೂದಲು, ಗಾಲ್ಫ್ ಆಡುವವರ ಅಂಗಿ, ಬಾಯಲ್ಲಿ ಸದಾ ಪುದೀನ ಗಮ್. ಎಲ್ಲರೂ ಅವನನ್ನು 'ಡಿಟೆಕ್ಟಿವ್' ಎಂದೇ ಕರೆಯುತ್ತಿದ್ದರು. ಊಟದ ಹೊತ್ತಿಗೆ ಅವನ ಮೇಜಿನ ಸುತ್ತ ಜನ ಸೇರಿ ಕೊಲೆ ಕತೆ ಕೇಳುತ್ತಿದ್ದರು.

ಅವನಿದ್ದಾನೆಂದು ಗೊತ್ತಾದ ಮೇಲೆಯೇ ನಾನು ಈ ಕೆಲಸ ಕೇಳಿಕೊಂಡು ಬಂದಿದ್ದು.

ನಾನು ಶಾಲೆಯಲ್ಲಿದ್ದಾಗ ನನ್ನ ಅಣ್ಣ ಫಾಬಿಯನ್ ಅಲ್ಮೆಂಡ್ರಾ ಲಾಕಪ್ಪಿನಲ್ಲಿ ಸತ್ತ. ಯಾವುದೋ ಕದ್ದ ಕಾರಿನ ವಿಷಯಕ್ಕೆ ಹಿಡಿದುಕೊಂಡು ಹೋಗಿದ್ದರು. ಮೊದಲ ಸಲವೇನಲ್ಲ. ಠಾಣೆಯಿಂದ ಮನೆಗೆ ಫೋನ್ ಮಾಡಿ, "ಅಮಾ, ಬಂದು ಕರ್ಕೊಂಡು ಹೋಗು" ಅಂದ. ಅಮಾ ಕಸಾಯಿಖಾನೆಯಲ್ಲಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು, ಕೈಯಲ್ಲಿ ಇನ್ನೂ ಕೊಬ್ಬಿನ ವಾಸನೆ ಇತ್ತು. "ನಂಗೆ ಸಾಕಾಗಿದೆ ನಿನ್ನ ಕಾಟ. ಅಲ್ಲೇ ಸಾಯಿ" ಎಂದು ಫೋನ್ ಇಟ್ಟಳು.

ಮರುದಿನ ಬಾಗಿಲಿಗೆ ಬಂದವನು ಡ್ರಕರ್. ಆಗ ಕೂದಲು ಕಂದು ಬಣ್ಣ. ಫಾಬಿಯನ್ ತನ್ನ ಅಂಗಿಯನ್ನೇ ಸರಳಿಗೆ ಕಟ್ಟಿ ನೇಣು ಹಾಕಿಕೊಂಡ ಎಂದ. ಅಮಾ ಅವನಿಗೆ ಕುರ್ಚಿ ಹಾಕಿದಳು, ನೀರು ಕೊಟ್ಟಳು. ಮನೆಗೆ ಬಂದವರಿಗೆ ಅದನ್ನು ಮಾಡದೆ ಇರಲು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಅಳುತ್ತ, ತಾನು ಫೋನಿನಲ್ಲಿ ಅಂದ ಮಾತನ್ನು ಅವನಿಗೆ ಹೇಳಿಬಿಟ್ಟಳು. ಡ್ರಕರ್ ಸ್ವಲ್ಪ ಹೊತ್ತು ಗ್ಲಾಸು ನೋಡಿದ. "ಅದಕ್ಕೇ ಇರ್ಬೇಕು ಕಣಮ್ಮ" ಅಂದ.

ಆ ಒಂದು ಮಾತು ಹೇಳಿ ಅವನು ಹೊರಟುಹೋದ. ಅಮಾ ಅಂದಿನಿಂದ ಅದರ ಜೊತೆಗೇ ಬದುಕಿದ್ದಾಳೆ. ಸತ್ತವರ ಹಬ್ಬಕ್ಕೆ ಮನೆಯಲ್ಲಿ ಎಲ್ಲರ ಪಟ ಇಡುತ್ತಾಳೆ, ಫಾಬಿಯನ್‌ನದು ಇಡುವುದಿಲ್ಲ. "ಕೊಂದವಳು ಹೂ ಇಟ್ರೆ ಅವನು ತಗೊಳ್ತಾನಾ?" ಅನ್ನುತ್ತಾಳೆ. ಅಣ್ಣ ನೇಣು ಹಾಕಿಕೊಂಡನೆಂದು ನಾನು ಎಂದೂ ನಂಬಿರಲಿಲ್ಲ. ಆದರೆ ನಾನು ನಂಬದೇ ಇದ್ದರೆ ಅಮಾಗೆ ಏನೂ ಆಗುವುದಿಲ್ಲ. ನಿಜ ಡ್ರಕರ್‌ನ ಬಾಯಿಂದಲೇ ಬರಬೇಕಿತ್ತು. ನನಗೆ ಬೇಕಾಗಿದ್ದು ಅದೊಂದೇ.

ನನ್ನನ್ನು ಅವನು ಗುರುತು ಹಿಡಿಯಲಿಲ್ಲ. ಎರಡನೇ ದಿನ ನನ್ನ ಪಕ್ಕ ಬಂದು ಕೂತ.

"ಯಾವೂರೋ ಮರಿ?"

"ಅಲ್ಮೆಂಡ್ರಾ."

"ಹೌದಾ! ಹಾಗಾದ್ರೆ ನಿಮ್ಮಪ್ಪನನ್ನೋ ಚಿಕ್ಕಪ್ಪನನ್ನೋ ನಾನು ಒಳಗೆ ಹಾಕಿರ್ಬೇಕು." ನನ್ನ ತಟ್ಟೆಯಿಂದ ಒಂದು ಮೆಣಸಿನಕಾಯಿ ಎತ್ತಿಕೊಂಡ. "ತಪ್ಪು ತಿಳ್ಕೊಬೇಡ. ಒಳ್ಳೆ ಜನ ನೀವು. ಹೊಡೆದ್ರೆ ಗಲಾಟೆ ಮಾಡಲ್ಲ."

"ನನ್ನ ಕೆಲಸಾನೇ ಅದು" ಅಂದೆ.

ಅವನು ಜೋರಾಗಿ ನಕ್ಕು ನನ್ನ ಬೆನ್ನು ತಟ್ಟಿದ. ಆಮೇಲೆ ಯಾರ ಹತ್ತಿರವೂ "ನಮ್ಮ ಚೆಯೊ" ಎಂದೇ ಮಾತಾಡುತ್ತಿದ್ದ.

ಕುತ್ತಿಗೆ ಹಿಸುಕುವ ಶಾಟ್ ಬಂದ ದಿನ ಹೆಂಡ್ರಿಗೆ ಏನು ಮಾಡಿದರೂ ಸರಿಯಾಗಲಿಲ್ಲ. ಹಿಂದಿನಿಂದ ತೋಳು ಸುತ್ತಿ ನನ್ನನ್ನು ಹಿಡಿಯಬೇಕು. ಅವನ ತೋಳು ನನ್ನ ಗಲ್ಲದ ಮೇಲೇ ನಿಲ್ಲುತ್ತಿತ್ತು. ನಿರ್ದೇಶಕ ಮಿಲೊ ಸ್ಟ್ರಾಂಡ್ ತಲೆ ಕೆರೆದುಕೊಳ್ಳುತ್ತಿದ್ದ.

"ಹುಡುಗೀನ ತಬ್ಕೊಂಡಂಗೆ ಹಿಡೀತಿದೀರಲ್ಲ ಸಾರ್" ಎಂದ ಡ್ರಕರ್. "ಅವನೇನು ನಿಮ್ಮ ಜೊತೆ ಡ್ಯಾನ್ಸಿಗೆ ಬಂದಿದಾನಾ?"

ಲೈಟ್ ಹುಡುಗರು ನಕ್ಕರು. ಹೆಂಡ್ರಿ ಕೂಡ ನಕ್ಕ. "ನೀವೇ ತೋರಿಸಿ, ಡಿಟೆಕ್ಟಿವ್."

ನಮ್ಮ ಫೈಟ್ ಮಾಸ್ಟರ್ ಡಾರ್ಲಾ ಪೆಟ್ಟಿಸ್ ಅಡ್ಡ ಬಂದಳು. ಕುದುರೆಯಿಂದ ಬಿದ್ದು ಒಂದು ಕಾಲು ಕುಂಟುವ ಹೆಂಗಸು. ಏಟು ಅಂದರೆ ಏನೆಂದು ಅವಳಿಗೆ ಗೊತ್ತು. "ಒಂದ್ನಿಮಿಷ. ನನ್ನ ಹುಡುಗನ ಮೈ ಮುಟ್ಟೋರು ಇದನ್ನ ಕಲೀಬೇಕು. ಅವನು ಅಂಗೈಯಲ್ಲಿ ಎರಡು ಸಲ ತಟ್ಟಿದ್ರೆ ಬಿಡ್ಬೇಕು. ಕ್ಯಾಮೆರಾ ಓಡ್ತಿರ್ಲಿ, ದೇವ್ರೇ ಬಂದು ನಿಂತಿರ್ಲಿ, ಬಿಡ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ತಾಯಿ."

ಅವನು ಕುರ್ಚಿಯ ಹಿಂದೆ ಬಂದ. ಪುದೀನ ವಾಸನೆ ಬಂತು. ಮುಂಗೈಯ ಮೂಳೆ ಗಂಟಲಿನ ಮೇಲೆ ಅಡ್ಡ ಬಿತ್ತು, ಇನ್ನೊಂದು ಕೈ ತಲೆಯನ್ನು ಹಿಂದಿನಿಂದ ಮುಂದಕ್ಕೆ ದಬ್ಬಿತು. ವಯಸ್ಸಾದವನ ತೋಳು ಹಾಗಿರುತ್ತದೆಂದು ನಾನು ಎಣಿಸಿರಲಿಲ್ಲ. ಗಂಟಲೊಳಗೆ ಏನೋ ಕಟಕ್ ಅಂದಿತು. ಪಟ್ಟಿ ನೆರಳುಗಳು ಅಗಲವಾಗುತ್ತ ಬಂದವು. ನಾನು ತಟ್ಟಿದೆ. ಮತ್ತೆ ತಟ್ಟಿದೆ. ನನ್ನ ಹಿಮ್ಮಡಿಗಳು ನನ್ನ ಅಪ್ಪಣೆ ಕೇಳದೆ ನೆಲ ಬಡಿಯತೊಡಗಿದವು. ಎದುರಿಗೆ ಇಪ್ಪತ್ತು ಮೂವತ್ತು ಜನ ನಿಂತು ನೋಡುತ್ತಿದ್ದರು. ಅವರ ಮುಖದಲ್ಲಿ ಮೆಚ್ಚುಗೆ ಇತ್ತು.

ಡಾರ್ಲಾ ಕೂಗಿದ ಮೇಲೆ ಬಿಟ್ಟ. ನಾನು ನೆಲಕ್ಕೆ ಬಿದ್ದು ವಾಂತಿ ಮಾಡಿಕೊಂಡೆ.

"ತಟ್ಟಿದ್ದು ಗೊತ್ತಾಗ್ಲಿಲ್ವಾ ನಿಂಗೆ?" ಡಾರ್ಲಾ ಅವನ ಎದೆಗೆ ಬೆರಳಿಟ್ಟಳು.

"ಗೊತ್ತಾಯ್ತು. ಆದ್ರೆ ಅದರ ಮುಂದಿಂದು ತಾನೇ ಇವರಿಗೆ ತೋರಿಸ್ಬೇಕಾಗಿದ್ದು?" ಡ್ರಕರ್ ಹೆಂಡ್ರಿಯ ಕಡೆ ತಿರುಗಿದ. "ಕಾಲು ನೋಡಿದ್ರಾ? ಅದು ಯಾವ ನಟನಿಗೂ ಬರಲ್ಲ."

ಹೆಂಡ್ರಿ ಪಿಸುಗುಟ್ಟಿದ: "ನಿಜವಾಗ್ಲೂ ಎಷ್ಟೊತ್ತು ಹಿಡೀತಿದ್ರಿ?"

"ಹಿಮ್ಮಡಿ ನಿಲ್ಲೋವರೆಗೂ."

"ಅಷ್ಟೊತ್ತು ಹಿಡಿದ್ರೆ ಸತ್ತೇ ಹೋಗ್ತಾನಲ್ಲ?"

ಡ್ರಕರ್ ಸುತ್ತ ನೋಡಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡ. "ಹೋದ್ರೆ ಹೋಗ್ಲಿ. ಅಂಗಿ ಇರುತ್ತಲ್ಲ ಮೈ ಮೇಲೆ" ಎಂದು, ಕೊರಳಿಗೆ ಗಂಟು ಹಾಕಿ ಮೇಲಕ್ಕೆ ಎಳೆದಂತೆ ಕೈ ಮಾಡಿದ.

ಎಲ್ಲರೂ ಗೊಳ್ಳೆಂದರು. ಮಿಲೊ ಕಣ್ಣು ಒರೆಸಿಕೊಂಡು, "ಇದು ಸಂಭಾಷಣೆಗೆ ಹೋಗ್ಬೇಕು, ಇದು ಹೋಗ್ಲೇಬೇಕು" ಎಂದು ಸಹಾಯಕನಿಗೆ ಹೇಳಿ ಬರೆಸಿದ. ನಾನು ಮೊಣಕಾಲ ಮೇಲೆ ಇದ್ದೆ, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮೂವತ್ತು ಜನರ ಮುಂದೆ ಅವನು ನನ್ನ ಅಣ್ಣನನ್ನು ಕೊಂದದ್ದನ್ನು ಹೇಳಿ ಆಗಿತ್ತು. ಅದು ತಮಾಷೆಯಾಗಿ ಹೋಯಿತು. ಯಾವ ವಕೀಲನ ಹತ್ತಿರ ಅದನ್ನು ಒಯ್ಯುವುದು?

ಡಾರ್ಲಾ ನನ್ನನ್ನು ಹೊರಗೆ ಬಿಸಿಲಿಗೆ ಎಳೆದುಕೊಂಡು ಹೋದಳು. ಬಾಯಿ ತೆರೆಸಿ ಗಂಟಲು ನೋಡಿದಳು.

"ಆ ಮುದುಕನನ್ನ ಇವತ್ತೇ ಓಡಿಸ್ತೀನಿ."

"ಬೇಡ."

"ಯಾಕೋ? ಸಾಯೋಕೆ ಆಸೆನಾ ನಿಂಗೆ?"

"ಅವನು ಇರ್ಲಿ ಡಾರ್ಲಾ. ಇನ್ನೊಂದು ದಿನ." ನನ್ನ ದನಿ ನನಗೇ ಬೇರೆಯವರದಂತೆ ಕೇಳಿತು.

ಅವಳು ನನ್ನ ಗಲ್ಲ ಬಿಟ್ಟಳು. "ನಿನಗೂ ಅವನಿಗೂ ಏನಿದೆ ಅಂತ ಕೇಳಲ್ಲ" ಎಂದಳು. "ನನ್ನ ಸೆಟ್ಟಲ್ಲಿ ಹೆಣ ಬೀಳಬಾರದು. ಅಷ್ಟೆ."

ಹೆಂಡ್ರಿಗೆ ಮರುದಿನವೂ ಹಿಡಿತ ಕೂರಲಿಲ್ಲ. ಮಿಲೊ ಕೊನೆಗೆ, "ಡಿಟೆಕ್ಟಿವ್, ನೀವೇ ಕೋಟು ಹಾಕ್ಕೊಳ್ಳಿ. ಟೋಪಿ ಕೆಳಗೆಳೆದ್ರೆ ಮುಖ ಕಾಣಲ್ಲ. ನಂಗೆ ನಿಮ್ಮ ತೋಳು ಬೇಕು" ಅಂದ. ಡ್ರಕರ್ ಮದುವೆ ಗಂಡಿನ ಹಾಗೆ ಕೋಟು ತೊಡಿಸಿಕೊಂಡ. ಕನ್ನಡಿಯಲ್ಲಿ ಟೋಪಿ ವಾರೆ ಮಾಡಿ ನೋಡಿದ. ತನ್ನ ಜೀವಮಾನದಲ್ಲಿ ಅವನು ಇಂಥ ಟೋಪಿ ಹಾಕಿದ ಪೊಲೀಸನೇ ಅಲ್ಲ. ಅದು ಸಿನಿಮಾದವರ ಟೋಪಿ. ಆದರೂ ಅವನಿಗೆ ಅದು ಚೆನ್ನಾಗಿ ಒಪ್ಪಿತು.

"ಭಯ ಪಡಬೇಡ ಮರಿ" ಎಂದ ಕಿವಿಯಲ್ಲಿ. "ಇವತ್ತು ಬೇಗ ಬಿಡ್ತೀನಿ."

ಮಿಲೊಗೆ ಒಂದು ಪದ್ಧತಿ ಇತ್ತು. ಹೊಡೆದಾಟದ ಟೇಕಿನಲ್ಲಿ ಏನೇ ತಪ್ಪಾದರೂ, ಯಾರು ಬಿದ್ದರೂ, ತಾನು 'ಕಟ್' ಅನ್ನುವವರೆಗೆ ಉಸಿರೆತ್ತುವಂತಿಲ್ಲ. ಮಧ್ಯದಲ್ಲಿ ಕೂಗಿ ಒಂದು ಒಳ್ಳೆಯ ಟೇಕ್ ಕೆಡಿಸಿದ ಹುಡುಗನನ್ನು ಮೊದಲ ವಾರವೇ ಮನೆಗೆ ಕಳಿಸಿದ್ದ. ಹಾಗಾಗಿ ಎಲ್ಲರೂ ಪಳಗಿದ್ದರು. ಕಪ್ಪು ಬಟ್ಟೆಯ ಒಳಗಿನ ಆ ಸೆಕೆಯಲ್ಲಿ ಕ್ಯಾಮೆರಾ ಓಡುವ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

ತೋಳು ಬಂತು. ಮೂಳೆ ಗಂಟಲಿಗೆ ಕೂರುವ ಮೊದಲೇ ನಾನು ಗಲ್ಲ ಕೆಳಗೆ ಮಾಡಿ ಅವನ ಮುಂಗೈಗೆ ಹಲ್ಲು ಊರಿದೆ. ಕೋಟಿನ ಬಟ್ಟೆ, ಚರ್ಮ, ಆಮೇಲೆ ಉಪ್ಪು. ಈ ಸಲದ ರಕ್ತ ಸಿಹಿ ಇರಲಿಲ್ಲ. ಅವನು ಕೂಗಿದ. ನಾನು ಹಿಮ್ಮಡಿಯಿಂದ ಅವನ ಪಾದದ ಮೇಲೆ ತುಳಿದು, ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ಅವನು ಕೆಳಗೆ, ನಾನು ಮೇಲೆ. ಕುರ್ಚಿಯ ಕಾಲು ಅವನ ಪಕ್ಕೆಗೆ ಚುಚ್ಚಿತು. ಮುರಿದದ್ದು ಕುರ್ಚಿಯೋ ಪಕ್ಕೆಲುಬೋ ತಿಳಿಯಲಿಲ್ಲ. ಹೊರಳಿ ಅವನ ಮುಖಕ್ಕೆ ಮೊಣಕೈ ಹಾಕಿದೆ. ಮೂಗು ಒಂದು ಕಡೆ ವಾಲಿತು. ಇನ್ನೊಂದು ಹಾಕಿದೆ. ಟೋಪಿ ಇನ್ನೂ ಅವನ ತಲೆಯ ಮೇಲೇ ಇತ್ತು, ವಸ್ತ್ರಾಲಂಕಾರದವರು ಅಷ್ಟು ಬಿಗಿಯಾಗಿ ಅಂಟಿಸಿದ್ದರು.

ಯಾರೂ ಅಲುಗಲಿಲ್ಲ. ಕ್ಯಾಮೆರಾ ಹಿಡಿದವನು ಎರಡು ಹೆಜ್ಜೆ ಹತ್ತಿರ ಬಂದ.

ನಾನು ಅವನ ಹಿಂದೆ ಹೋಗಿ, ಅವನೇ ಕಲಿಸಿದ ಹಾಗೆ, ಮುಂಗೈ ಮೂಳೆಯನ್ನು ಅವನ ಗಂಟಲಿಗೆ ಅಡ್ಡ ಇಟ್ಟೆ. ಬಾಯಿ ಅವನ ಕಿವಿಗೆ ಇಟ್ಟೆ.

"ಅಲ್ಮೆಂಡ್ರಾ ಲಾಕಪ್. ಅಂಗಿ ಕಟ್ಟಿದ್ದು ಯಾರು?"

ಅವನು ಉಸಿರಿಗಾಗಿ ಬಾಯಿ ತೆರೆದ.

"ನೇಣು ಹಾಕಿಕೊಂಡ ಅಂದ್ಯಲ್ಲೋ. ನಮ್ಮಮ್ಮನ ಕೈಯಿಂದ ನೀರು ಕುಡಿದು ಅಂದ್ಯಲ್ಲ. ಅಂಗಿ ಕಟ್ಟಿದ್ದು ಯಾರು? ಹೇಳು."

ಸ್ವಲ್ಪ ಸಡಿಲ ಬಿಟ್ಟೆ. ಅವನು ಕಣ್ಣು ತಿರುಗಿಸಿ ನನ್ನನ್ನು ನೋಡಲು ಪ್ರಯತ್ನಪಟ್ಟ. ಆ ಕಣ್ಣಲ್ಲಿ ಸುಳ್ಳಿರಲಿಲ್ಲ. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದ. ನನಗೆ ಸರಿಯಾದ ಉತ್ತರ ಕೊಟ್ಟು ಬದುಕಿಕೊಳ್ಳಲು ನೋಡುತ್ತಿದ್ದ.

"ಯಾವನು?" ಎಂದ. ಕೆಮ್ಮಿದ. "ಯಾವನ ವಿಷಯ... ನೀನು ಹೇಳ್ತಿರೋದು?"

ನಾನು ತೋಳು ಬಿಗಿದೆ.

ಅವನು ತಟ್ಟಿದ. ಎರಡು ಸಲ, ಸರಿಯಾಗಿ, ಡಾರ್ಲಾ ಹೇಳಿಕೊಟ್ಟ ಹಾಗೆ. ಮತ್ತೆ ತಟ್ಟಿದ. ಮತ್ತೆ. ಅವನ ಬೂಟಿನ ಹಿಮ್ಮಡಿಗಳು ನೆಲ ಬಡಿಯಲು ಶುರುಮಾಡಿದವು. ನನಗೆ ಬಿಡಬೇಕೆಂದು ಅನ್ನಿಸಲಿಲ್ಲ. ಬೇರೆ ಯೋಚನೆಯೂ ಬರಲಿಲ್ಲ. ಅಣ್ಣನ ಮುಖ ಕಣ್ಣ ಮುಂದೆ ಬಂತು ಅಂತೆಲ್ಲ ಹೇಳಿದರೆ ಅದು ಸುಳ್ಳು. ತೋಳಿನೊಳಗೆ ಅವನ ಗಂಟಲು ಕುಣಿಯುತ್ತಿದ್ದದ್ದು ಮಾತ್ರ ಗೊತ್ತಾಗುತ್ತಿತ್ತು, ಮತ್ತು ಅದು ನಿಲ್ಲಲಿ ಎಂದು ಕಾಯುತ್ತಿದ್ದೆ.

ಬಿಡಿಸಿದವಳು ಡಾರ್ಲಾ. ಕುಂಟುತ್ತ ಓಡಿ ಬಂದು, ತನ್ನ ಬೂಟುಗಾಲಿನಿಂದ ನನ್ನ ಮೊಣಕೈಗೆ ಒದ್ದಳು. ಒಮ್ಮೆಗೆ ಬಿಡಲಿಲ್ಲವೆಂದು ಇನ್ನೊಮ್ಮೆ ಒದ್ದಳು. ಕೈ ಮುರಿಯಿತು. ಡ್ರಕರ್ ಪಕ್ಕಕ್ಕೆ ಉರುಳಿ ಕೀರಲು ದನಿಯಲ್ಲಿ ಗಾಳಿ ಎಳೆದುಕೊಂಡ.

"ಕಟ್!" ಎಂದು ಮಿಲೊ ಕೂಗಿದ. "ದೇವರೇ! ಏನ್ ಟೇಕ್ ಅದು!"

ಎಲ್ಲರೂ ಚಪ್ಪಾಳೆ ಹೊಡೆದರು. ನಾವಿಬ್ಬರೂ ಏಳದೇ ಇದ್ದಾಗ, ಒಬ್ಬೊಬ್ಬರದಾಗಿ ಚಪ್ಪಾಳೆ ನಿಂತಿತು.

ಡ್ರಕರ್ ಪೊಲೀಸರಿಗೆ ದೂರು ಕೊಡಲಿಲ್ಲ. ಗಂಟಲ ಎಲುಬು ಜಜ್ಜಿಹೋಗಿ ಮಾತು ಶಾಶ್ವತವಾಗಿ ಗೊರಗೊರ ಆಯಿತು. ಆದರೂ ಕೇಳಿದವರಿಗೆಲ್ಲ ಫೈಟ್ ದೃಶ್ಯದಲ್ಲಿ ಆಕಸ್ಮಿಕ ಎಂದೇ ಬರೆದು ತೋರಿಸಿದ. ದೂರು ಕೊಟ್ಟರೆ, ಚೆಯೊ ಯಾಕೆ ಹೀಗೆ ಮಾಡಿದ ಎಂದು ಯಾರಾದರೂ ಕೇಳುತ್ತಿದ್ದರು. ನಮ್ಮ ಡ್ಯೂಪ್‌ಗಳ ಸಂಘದವರು ನನ್ನ ಸದಸ್ಯತ್ವದ ಕಾರ್ಡು ಕಿತ್ತುಕೊಂಡರು. ಇನ್ನು ಮುಂದೆ ನನಗೆ ಯಾರೂ ದುಡ್ಡು ಕೊಟ್ಟು ಹೊಡೆಯುವುದಿಲ್ಲ.

ಆ ದಿನವೇ ಕೈಗೆ ಪಟ್ಟಿ ಹಾಕಿಸಿಕೊಂಡು ನೇರ ಅಮಾ ಹತ್ತಿರ ಹೋದೆ. ಅವಳು ಅಡುಗೆಮನೆಯಲ್ಲಿ ಬೇಯಿಸಲೆಂದು ಪಾಪಾಸುಕಳ್ಳಿಯ ಎಲೆಗಳಿಂದ ಮುಳ್ಳು ಹೆರೆಯುತ್ತಿದ್ದಳು. ಎಲ್ಲ ಹೇಳಿದೆ. ಅಂಗಿಯ ತಮಾಷೆ, ತೋಳು, 'ಯಾವನು' ಅಂದದ್ದು. ಅವಳು ಚಾಕು ನಿಲ್ಲಿಸಲಿಲ್ಲ.

"ನೇಣು ಹಾಕ್ಕೊಂಡಿಲ್ಲ ಅಮಾ. ನಿನ್ನ ಮಾತಿಂದ ಅಲ್ಲ. ಕತ್ತು ಹಿಸುಕಿ ಕೊಂದು ಆಮೇಲೆ ಕಟ್ಟಿದಾರೆ."

ಒಂದು ಎಲೆ ಮುಗಿಸಿ ಇನ್ನೊಂದು ತೆಗೆದುಕೊಂಡಳು.

"ಹಾಗಾದ್ರೆ ಅವನು ಫೋನ್ ಮಾಡಿದ್ದು ಹೆದರಿಕೊಂಡು" ಎಂದಳು. "ಕಾಪಾಡು ಅಂತ."

ಇದನ್ನು ನಾನು ಯೋಚಿಸಿರಲಿಲ್ಲ. ಇಷ್ಟು ವರ್ಷ ಅವಳು ಹೊತ್ತದ್ದನ್ನು ಇಳಿಸಲು ಹೋಗಿ, ಅದಕ್ಕಿಂತ ಭಾರದ್ದನ್ನು ಹೊರಿಸಿದ್ದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳು ಕೈ ಅಡ್ಡ ಮಾಡಿದಳು.

"ಸತ್ನಾ ಅವನು?"

"ಯಾರು?"

"ಆ ಪೊಲೀಸು."

"ಇಲ್ಲ."

"ಯಾಕೆ?"

ಡಾರ್ಲಾ ವಿಷಯ ಹೇಳಿದೆ. ಅಮಾ ನನ್ನ ಮುರಿದ ಕೈ ನೋಡಿ ತಲೆಯಾಡಿಸಿದಳು. "ಇನ್ನೊಂದು ಕೈ ಇತ್ತಲ್ಲ ಮಿಹೊ" ಎಂದಳು. ನಾನು ಚಿಕ್ಕವನಿದ್ದಾಗ ಶಾಲೆಯಲ್ಲಿ ಏಟು ತಿಂದು ಬಂದರೆ, ಇದೇ ದನಿಯಲ್ಲಿ ಮಿಹೊ, ನನ್ನ ಮಗನೇ, ಅನ್ನುತ್ತಿದ್ದಳು.

ಸಿನಿಮಾ ಮುಂದಿನ ವರ್ಷ ಬಂತು. ಅಷ್ಟು ಒಳ್ಳೆಯ ಟೇಕನ್ನು ಯಾರು ಬಿಸಾಡುತ್ತಾರೆ? ಶಂಕಿತನೇ ಪತ್ತೇದಾರನನ್ನು ಕೆಡವುವಂತೆ ಕತೆ ತಿರುಗಿಸಿ ಅದನ್ನು ಇಟ್ಟುಕೊಂಡಿದ್ದರು. ಅಮಾ ತಾನೂ ನೋಡಬೇಕೆಂದಳು. ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದೆ. ಹತ್ತಾರು ಜನ ಇದ್ದರು, ಪಾಪ್‌ಕಾರ್ನ್ ಮೆಲ್ಲುತ್ತಿದ್ದರು.

ಹೆಂಡ್ರಿ, ಸಿಗರೇಟು ಕಚ್ಚಿಕೊಂಡು, ಅಂಗಿಯ ಮಾತು ಹೇಳಿದ. ಜನ ನಕ್ಕರು. ಅಮಾ ನಗಲಿಲ್ಲ, ಅಲುಗಲೂ ಇಲ್ಲ.

ಆಮೇಲೆ ತೋಳು ಬಂತು, ಕುರ್ಚಿ ಬಿತ್ತು. ಟೋಪಿಯ ನೆರಳಿನ ಕೆಳಗೆ ಡ್ರಕರ್‌ನ ಬಾಯಿ ತೆರೆದುಕೊಂಡಿತು. ಅವನು ಆಗ ಆಡಿದ ಮಾತನ್ನು ಅಳಿಸಿ ಹೆಂಡ್ರಿಯ ದನಿಯಲ್ಲಿ ಏನೋ ಬೈಗುಳ ಕೂರಿಸಿದ್ದರು. ನಾನು ಅಂದದ್ದೂ ಇರಲಿಲ್ಲ. ಅದರ ಬದಲು ವಾದ್ಯ ಬಾರಿಸುತ್ತಿತ್ತು. ನಮ್ಮ ಹಿಂದೆ ಕೂತಿದ್ದ ಒಬ್ಬ, "ಥೂ, ಎಷ್ಟು ನಾಟಕ ಮಾಡ್ತಾನೆ" ಎಂದ.

"ಎಲ್ಲಿ ಹೇಳಿದ?" ಅಮಾ ಪಿಸುಗುಟ್ಟಿದಳು.

"ಅಲ್ಲೇ ಹೇಳಿದ್ದು. ತೆಗೆದುಹಾಕಿದಾರೆ."

ದೀಪ ಹತ್ತಿದ ಮೇಲೂ ಅವಳು ಕೂತೇ ಇದ್ದಳು. ಜನರೆಲ್ಲ ಹೋದರು. ನಾನು ಅವಳ ಭುಜ ಮುಟ್ಟಿ, "ಮನೆಗೆ ಹೋಗೋಣ ಅಮಾ" ಎಂದೆ.

"ಆ ಪೊಲೀಸಿನ ಮುಖ ಸರಿಯಾಗಿ ಕಾಣ್ಲಿಲ್ಲ" ಎಂದಳು. "ಇನ್ನೊಂದು ಸಲ ಟಿಕೆಟ್ ತಗೊಂಡು ಬಾ."

ಟಿಕೆಟ್ ತಂದೆ. ಅವಳು ಎದ್ದು, ಸ್ವೆಟರ್ ಸರಿ ಮಾಡಿಕೊಂಡು, ಪರದೆಗೆ ತೀರ ಹತ್ತಿರದ ಸಾಲಿಗೆ ಹೋಗಿ ಕೂತಳು.